ಬಿಸಿಲಿಗೆ ಅಳಿಯುವ ಸಿಡಿ ಯಾವುದು?

ಮಾನ್ಯ ಸಂಪಾದಕರೆ,

ಹಳೆಯ ಸಿಡಿಗಳ ಬಗ್ಗೆ ಕಳೆದ ವಾರ ಓದುಗರೊಬ್ಬರು ಬರೆದ ಪತ್ರ ನೋಡಿದೆ. ಅಳಿಸಿ ಮತ್ತೆ ಬರೆಯುವ ಸಿಡಿಯನ್ನು, ಅಂದರೆ 'ಆರ್‌ಡಬ್ಲ್ಯೂ' ಅಂತ ಅಚ್ಚಾಗಿರುವುದನ್ನು, ಬಿಸಿಲಲ್ಲಿಟ್ಟರೆ ಎಲ್ಲ ಅಳಿಸಿಹೋಗುತ್ತದೆ, ಒಂದೇ ಸಲ ಬರೆಯಬಹುದಾದ, ಬರೀ 'ಆರ್' ಅಂತ ಇರುವುದೇ ಪಕ್ಕಾ ಅಂದಿದ್ದಾರೆ. ನಾನೂ ಹಾಗೇ ನಂಬಿ ಕೆಟ್ಟವನು. ವಿಷಯ ಉಲ್ಟಾ ಇದೆ.

ತಂಗಿಯ ಮದುವೆಯ ಸಿಡಿ 'ಆರ್' ಜಾತಿಯದು. ಅದರ ಡಬ್ಬಿ ಒಡೆದಿತ್ತು. ಸುಮ್ನೆ ಹಾಗೇ ಷೋಕೇಸಿನಲ್ಲಿ, ಹೊಳೆಯುವ ಬದಿ ಪಡುವಣ ಕಿಟಕಿಗೆ ಮುಖಮಾಡಿ ನಿಲ್ಲಿಸಿದ್ದೆ. ನಾಲ್ಕು ಬೇಸಿಗೆ ಕಳೆದು ಹಾಕಿದರೆ ಪ್ಲೇಯರ್ 'ನೋ ಡಿಸ್ಕ್' ಅಂತು. ಪಕ್ಕದಲ್ಲೇ ಅದೇ ಬಿಸಿಲು ತಿಂದಿದ್ದ ಆರ್‌ಡಬ್ಲ್ಯೂ ಮಾತ್ರ ಹಾಡುತ್ತಿತ್ತು.

'ಆರ್' ಸಿಡಿಯಲ್ಲಿ ಲೇಸರ್ ಬರೆಯುವುದು ಬಣ್ಣದ ತೆಳು ಪದರದ ಮೇಲೆ. ತಳ ನೀಲಿಯಾಗೋ ಹಸಿರಾಗೋ ಕಾಣುವುದು ಅದಕ್ಕೇ. ಬಣ್ಣ ಅಂದಮೇಲೆ ಬಿಸಿಲಿಗೆ ಮಾಸುತ್ತದೆ. ಇದನ್ನು ಬ್ಯಾಡಗಿಯವರಿಗೆ ಹೇಳಿಕೊಡಬೇಕೆ? ಮೆಣಸಿನಕಾಯಿಯ ಕೆಂಪು ಉಳಿಯಲಿ ಅಂತಲೇ ಅಲ್ವಾ ನಾವು ಚೀಲಗಳನ್ನು ಕೋಲ್ಡ್ ಸ್ಟೋರೇಜ್‌ಗೆ ಹಾಕೋದು?

ಆರ್‌ಡಬ್ಲ್ಯೂನಲ್ಲಿ ಬಣ್ಣವೇ ಇಲ್ಲ. ಬೆಳ್ಳಿ, ಇಂಡಿಯಂ, ಆಂಟಿಮನಿ, ಟೆಲ್ಯುರಿಯಂ ಬೆರೆಸಿದ ಲೋಹದ ಪದರ ಇರುತ್ತದೆ. ಸಕ್ಕರೆ ಪಾಕ ನೆನಪಿಸಿಕೊಳ್ಳಿ. ಹರಳುಗಟ್ಟಲು ಬಿಟ್ಟರೆ ಗೌರಿ ಹುಣ್ಣಿಮೆಯ ಬೆಳ್ಳನೆ ಸಕ್ಕರೆ ಆರತಿ. ಜಾಸ್ತಿ ಕಾಯಿಸಿ ತಟ್ಟನೆ ತಣಿಸಿದರೆ ಪೆಪ್ಪರಮಿಂಟಿನಂಥ ಗಾಜು. ಸಕ್ಕರೆ ಅದೇ. ಇಲ್ಲೂ ಹಾಗೇ. ಲೇಸರ್ ಒಂದು ಚುಕ್ಕೆಯನ್ನು 500ರಿಂದ 700 ಡಿಗ್ರಿಗೆ ಕಾಯಿಸಿ ಕರಗಿಸುತ್ತದೆ, ಅದು ಕ್ಷಣದಲ್ಲೇ ತಣಿದು ಗಾಜಿನಂತಾಗಿ ಹೊಳಪು ಕಳೆದುಕೊಳ್ಳುತ್ತದೆ. ಅದೇ ಬರಹ. ಮತ್ತೆ ಸುಮಾರು 200 ಡಿಗ್ರಿ ಕಾವು ಕೊಟ್ಟರೆ ಹರಳುಗಟ್ಟಿ ಮೊದಲಿನಂತಾಗುತ್ತದೆ. ಹೀಗೆ ಸುಮಾರು 1000 ಸಲ ಮಾಡಬಹುದು. ಬೆಳಕು ಅಲ್ಲಿ ಬರೀ ಒಲೆ. ನಮ್ಮ ಜಿಲ್ಲೆಯ ಬಿಸಿಲು ಎಷ್ಟೇ ಸುಟ್ಟರೂ 200 ಡಿಗ್ರಿ ಮುಟ್ಟುವುದಿಲ್ಲ! ಹಾಗಂತ ಅದು ಚಿರಂಜೀವಿಯೂ ಅಲ್ಲ. ಬೇಕಾದ್ದನ್ನು ಮರೆತು ಅಳಿಸಿಬಿಡುವ ಅಪಾಯ ಇದ್ದೇ ಇದೆ.

ಬೆಳಕಿಗೇ ಬಣ್ಣ ಬದಲಿಸಿ ಮತ್ತೆ ಮೊದಲಿನಂತಾಗುವ ವಸ್ತುಗಳೂ ಇವೆ. ಬಿಸಿಲಿಗೆ ಕಪ್ಪಾಗಿ ನೆರಳಿಗೆ ತಿಳಿಯಾಗುವ ಕನ್ನಡಕ ನೋಡಿರುತ್ತೀರಿ. ಅಂಥವುಗಳಲ್ಲಿ ನೆನಪು ಕೂಡಿಡಬಹುದು ಅಂತ ಹಿರ್ಷ್‌ಬರ್ಗ್ ಎಂಬ ವಿಜ್ಞಾನಿ 1956ರಲ್ಲೇ ಸೂಚಿಸಿದ್ದರು. ಆದರೆ ಒಂದು ತೊಡಕು. ಓದಲು ಬಿಟ್ಟ ಬೆಳಕೇ ಬರೆದದ್ದನ್ನು ಸ್ವಲ್ಪ ಸ್ವಲ್ಪ ಅಳಿಸುತ್ತದೆ. ಓದಿದಷ್ಟೂ ಅಕ್ಷರ ಮಾಸುವ ಪುಸ್ತಕವನ್ನು ಯಾರು ಕೊಳ್ಳುತ್ತಾರೆ? ಆ ಪತ್ರ ಬರೆದವರು ಬಹುಶಃ ಇದನ್ನೂ ಆರ್‌ಡಬ್ಲ್ಯೂವನ್ನೂ ಒಂದೇ ಅಂದುಕೊಂಡಿದ್ದಾರೆ.

ಓದುಗರು 'ಆರ್' ಸಿಡಿಗಳನ್ನು ಮೊದಲು ಕತ್ತಲಿಗೆ ಸೇರಿಸಲಿ, ಆಮೇಲೆ ಪೆನ್‌ಡ್ರೈವ್‌ಗೆ ಇಳಿಸಲಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕುವ ಜಾಗವೇ ಇರುವುದಿಲ್ಲ. ಹಾವೇರಿಯಲ್ಲಿ ಮೂರು ಅಂಗಡಿ ಅಲೆದ ಮೇಲೆ ನನಗೊಂದು ಹಳೇ ಡ್ರೈವ್ ಸಿಕ್ಕಿತು.

ಇಂತಿ,
ನಿಮ್ಮ ಓದುಗ
ಬ್ಯಾಡಗಿ, ಹಾವೇರಿ ಜಿಲ್ಲೆ