ವೇದಿಕೆ ಕಳಚಿದ ಮೇಲೆ 14 ದಿನ ಮೈದಾನ ಬಿಡಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ಬೆಂಗಳೂರಿನ ಹೊರವಲಯದ ನಮ್ಮ ಫುಟ್‌ಬಾಲ್ ಕ್ರೀಡಾಂಗಣದ ವಿಷಯವಾಗಿ ತಮಗೆ ಇದು ನಾಲ್ಕನೆಯ ಪತ್ರ. ಮೊದಲ ಮೂರಕ್ಕೂ ‘ಪರಿಶೀಲಿಸಲಾಗುವುದು’ ಎಂಬ ಹಿಂಬರಹ ಬಂತು, ಆಮೇಲೆ ಏನೂ ಇಲ್ಲ. ಅದಕ್ಕೇ ಈ ಸಲ ಎಲ್ಲರ ಕಣ್ಣಿಗೂ ಬೀಳುವ ಹಾಗೆ ಬರೆಯುತ್ತಿದ್ದೇವೆ. ನಾವು ಕೇಳುತ್ತಿರುವುದು ಇಷ್ಟೇ: ಸಂಗೀತ ಕಾರ್ಯಕ್ರಮದ ವೇದಿಕೆ ಕಳಚಿದ ಮೇಲೆ 14 ದಿನ ಮೈದಾನವನ್ನು ಯಾರಿಗೂ ಕೊಡಬೇಡಿ. ದುರಸ್ತಿಯ ಖರ್ಚು ಆಯೋಜಕರ ಠೇವಣಿಯಿಂದ ಬರಲಿ.

ಕಾರ್ಯಕ್ರಮವೇ ಬೇಡ ಎನ್ನುವವರಲ್ಲ ನಾವು. ಆ ಬಾಡಿಗೆ ಬರದಿದ್ದರೆ ಬೋರ್‌ವೆಲ್ಲಿನ ಕರೆಂಟ್ ಬಿಲ್ ಕಟ್ಟುವುದೂ ಕಷ್ಟ. ರಾತ್ರಿ 10ರ ನಂತರದ ಧ್ವನಿವರ್ಧಕದ ನಿಯಮ ತಮಗೆ ಗೊತ್ತೇ ಇದೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಈ ಪತ್ರ ಹುಲ್ಲಿನದು.

105 ಮೀಟರ್ ಉದ್ದ, 68 ಮೀಟರ್ ಅಗಲದ ಅಂಕಣದ ಕೆಳಗೆ ಒಂದಡಿ ಮರಳಿದೆ, ಅದರಡಿ ಜಲ್ಲಿ, ಜಲ್ಲಿಯ ನಡುವೆ ತೂತಿನ ಪೈಪು. ಬೇರಿಗೆ ಗಾಳಿ ಸಿಗುವುದೂ ಮಳೆನೀರು ಇಳಿಯುವುದೂ ಮರಳಿನ ಸಂದಿಯಲ್ಲೇ. ಬರಿಯ ಪ್ಲೈವುಡ್ ಹಾಸಿ ಅದರ ಮೇಲೆ ಲಾರಿ, ಕ್ರೇನು ಹತ್ತಿಸಿದರೆ ಮೇಲಿನ ಮೂರು ಇಂಚು ಗಟ್ಟಿಯಾಗಿ ಕೂತುಬಿಡುತ್ತದೆ. ಹೊರಗಿನಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. ಮೊದಲ ಮಳೆಗೆ ಮಾತ್ರ ವೇದಿಕೆ ನಿಂತಿದ್ದ ಜಾಗದಲ್ಲೇ ನೀರು ನಿಲ್ಲುತ್ತದೆ. ಪ್ಲೈವುಡ್ಡಿನಡಿ ಬೆಳಕಿಲ್ಲ, ಸೆಕೆ ಬೇರೆ. ಎರಡು ದಿನಕ್ಕೆ ಹುಲ್ಲು ಹಳದಿಯಾಗುತ್ತದೆ, ಇನ್ನೂ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಜನ ನಿಲ್ಲುವಲ್ಲಿ ಅಡಿಯಲ್ಲಿ ಗಿಡ್ಡ ಕಾಲುಗಳಿರುವ, ಬೆಳಕು ಇಳಿಯುವ ಪ್ಲಾಸ್ಟಿಕ್ ಹಲಗೆ ಬೇಕು. ಲಾರಿ ಓಡುವ ದಾರಿಗೆ ಅಲ್ಯುಮಿನಿಯಂ ಹಲಗೆ. ಹಲಗೆ ಹಾಸುವ ಹಿಂದಿನ ದಿನವೇ ಹುಲ್ಲಿಗೆ ನೀರು ಬಿಡುವುದನ್ನು ನಿಲ್ಲಿಸಬೇಕು. ಗೇಟಿನಿಂದ ಒಳಕ್ಕೆ ಹಾಸುತ್ತ ಹೋಗಿ, ಒಳಗಿನಿಂದ ಗೇಟಿನತ್ತ ತೆಗೆಯುತ್ತ ಬರಬೇಕು, ಚಕ್ರ ಒಮ್ಮೆಯೂ ಹುಲ್ಲು ಮುಟ್ಟಬಾರದು.

ಕಳೆದ ಸಲ ವೇದಿಕೆ ಕಳಚಿದ್ದು ಭಾನುವಾರ ರಾತ್ರಿ. ಮಂಗಳವಾರ ಬೆಳಿಗ್ಗೆಯೇ 12 ವರ್ಷದೊಳಗಿನವರ ಪಂದ್ಯ ಇಟ್ಟರು. ದಕ್ಷಿಣದ ಗೋಲಿನ ಮುಂದೆ ಚೆಂಡಿಗೆ ಬಿದ್ದ ಗೋಲ್‌ಕೀಪರ್ ಹುಡುಗಿಯ ಮಂಡಿಗೆ, ಹುಲ್ಲಿನೊಳಗೆ ನೆಟ್ಟಗೆ ನಿಂತಿದ್ದ ಮೊಳೆ ಹೊಕ್ಕಿತು. ಏಳು ಹೊಲಿಗೆ. ಪಂದ್ಯ ನಿಲ್ಲಿಸಿ, ಪೋಷಕರೆಲ್ಲ ಮಂಡಿಯೂರಿ ಹುಡುಕಿದರೆ ಆ ಒಂದು ಪೆನಾಲ್ಟಿ ಬಾಕ್ಸಿನಲ್ಲೇ 31 ಮೊಳೆ, ಕತ್ತರಿಸಿದ ಕೇಬಲ್ ಟೈ, ಬಾಟಲಿಯ ಗಾಜು. ಅಯಸ್ಕಾಂತದ ಗಾಡಿ ಎರಡು ಸುತ್ತು ಎಳೆದಿದ್ದರೆ ಮೊಳೆ ಸಿಗುತ್ತಿತ್ತು. ಗಾಜು ಅದಕ್ಕೆ ಅಂಟುವುದಿಲ್ಲ, ಅದನ್ನು ಹಲ್ಲುಗೋಲಿನಿಂದ ಬಾಚಿಯೇ ತೆಗೆಯಬೇಕು. ಇದಕ್ಕೆ ಯಾರು ಹೊಣೆ, ಸ್ವಾಮಿ? ಇವತ್ತಿನವರೆಗೆ ಒಬ್ಬರೂ ಆ ಮಗುವಿನ ಮನೆಗೆ ಫೋನ್ ಮಾಡಿಲ್ಲ.

2024ರ ಅಕ್ಟೋಬರ್ 26, 27ರ ಸಂಗೀತ ಕಾರ್ಯಕ್ರಮದ ಬಳಿಕ ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಅಥ್ಲೀಟ್ ಒಬ್ಬರು ಕಸದ ರಾಶಿ, ಮುರಿದ ಸಲಕರಣೆಗಳ ವಿಡಿಯೊ ಹಾಕಿದ್ದು ತಮಗೂ ನೆನಪಿರಬೇಕು. ಅದನ್ನು ನೋಡಿಯೂ ಇಲ್ಲಿ ಒಂದು ಕರಾರು ಬದಲಾಗಲಿಲ್ಲ.

14 ದಿನ ಯಾಕೆಂದು ಕೇಳುತ್ತಾರೆ. ಮೊದಲ ಎರಡು ದಿನ ಮೊಳೆ, ಗಾಜು ಆರಿಸಿ ನೀರುಣಿಸುವುದಕ್ಕೇ ಬೇಕು. ಮೂರನೆಯ ದಿನ, ಗಟ್ಟಿಯಾಗಿ ಕೂತ ಪದರ ಸಡಿಲಾಗಲೆಂದು, ಕೊಳವೆಯಂಥ ಟೊಳ್ಳು ಹಲ್ಲುಗಳ ಯಂತ್ರದಿಂದ ನಾಲ್ಕಿಂಚು ಆಳಕ್ಕೆ ತೂತು ಹೊಡೆದು, ಕಿತ್ತು ಬಂದ ಮಣ್ಣು ಗುಡಿಸಿ, ತೂತಿಗೆ ಮರಳು ತುಂಬಬೇಕು. ಸತ್ತ ಜಾಗಕ್ಕೆ ಹೊಸ ಹುಲ್ಲುಹಾಸು ಕೂರಿಸಿ ದಿನಾ ನೀರು ಬಿಡಬೇಕು. ಅಂಚು ಹಿಡಿದು ಎಳೆದಾಗ ಮೇಲೇಳದಿದ್ದರೆ ಮಾತ್ರ ಬೇರು ಹಿಡಿದಿದೆ ಎಂದರ್ಥ. ಡಿಸೆಂಬರ್, ಜನವರಿಯಲ್ಲಿ ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಇಳಿದಾಗ ಮೈದಾನದ ಬರ್ಮುಡಾ ಹುಲ್ಲು (ಗರಿಕೆಯ ಜಾತಿ) ಚಿಗುರುವುದೇ ನಿಧಾನ, ಆಗ 14 ದಿನವೂ ಸಾಲದು. ಕಾರ್ಯಕ್ರಮಗಳೆಲ್ಲ ಬೀಳುವುದು ಅದೇ ತಿಂಗಳುಗಳಲ್ಲಿ!

ಡಿಸೆಂಬರ್ 20ಕ್ಕೆ ಮತ್ತೊಂದು ಕಾರ್ಯಕ್ರಮ ಎಂದು ಗೇಟಿಗೆ ಬ್ಯಾನರ್ ಕಟ್ಟಿದ್ದಾರೆ. 23ಕ್ಕೆ ಶಾಲಾ ಮಕ್ಕಳ ಟೂರ್ನಿ. ದಯವಿಟ್ಟು ಎರಡರಲ್ಲಿ ಒಂದನ್ನು ಮುಂದಕ್ಕೆ ಹಾಕಿಸಿ. ಕರಾರಿಗೆ ಸಹಿ ಬೀಳುವ ಮೊದಲು 14 ದಿನದ ಸಾಲು ಸೇರಿಸಿ. ತರಬೇತುದಾರರೊಬ್ಬರು ಮೈದಾನ ನಡೆದು ನೋಡಿ ಒಪ್ಪುವ ತನಕ ಠೇವಣಿ ವಾಪಸ್ ಕೊಡಿಸಬೇಡಿ.

ಇಂತಿ,
ಕ್ರೀಡಾಂಗಣದ ಮಕ್ಕಳ ತರಬೇತುದಾರರು ಮತ್ತು ಪೋಷಕರು