ಬಂದರಿಗೆ ಬಂದುಹೋಗುವ ಪರದೇಶದ ಸರ್ಕಾರಿ ಹಡಗುಗಳ ಪಟ್ಟಿ ಜನರಿಗೂ ಸಿಗಲಿ

ಮೈಸೂರು-ಕೊಡಗು ಕ್ಷೇತ್ರದ ಲೋಕಸಭಾ ಸದಸ್ಯರಿಗೆ,

ಮಾನ್ಯರೇ, ನಮಸ್ಕಾರ.

ಕೊಡಗಿನಿಂದ ನಿಮಗೆ ಬರುವ ಕಾಗದಗಳಲ್ಲಿ ಆನೆ ಕಾಟ, ಕುಸಿದ ರಸ್ತೆ, ಕಾಫಿ ರೇಟು ಇವೇ ಜಾಸ್ತಿ ಇರುತ್ತವೆ. ನಾನು ಬರೆಯುತ್ತಿರುವುದು ಹಡಗಿನ ವಿಷಯ. ಸಮುದ್ರವೇ ಇಲ್ಲದ ಜಿಲ್ಲೆಯವನಿಗೆ ಇದೆಲ್ಲ ಯಾಕೆ ಅಂತ ಕೇಳಬೇಡಿ. ನಮ್ಮ ಕಡೆಯ ಕಾಫಿ ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿಪ್ಪೆ ಕಳಚಿಕೊಂಡು, ಸಂಪಾಜೆ ಘಾಟಿ ಇಳಿದು, ಪಣಂಬೂರಿನ ನವ ಮಂಗಳೂರು ಬಂದರಿನಲ್ಲಿ ಹಡಗು ಹತ್ತುತ್ತದೆ. ಸೇನೆಯಲ್ಲಿ ಇದ್ದು ಬಂದವರಿಲ್ಲದ ಊರಂತೂ ಇಲ್ಲಿ ಸಿಗುವುದಿಲ್ಲ. ಬಂದರಿನ ಸುದ್ದಿ ನಮಗೂ ಸೇರಿದ್ದೇ.

ನಾನು ಕೇಳುವುದು ಇಷ್ಟು. ಬೇರೆ ದೇಶದ ನೌಕಾಪಡೆಯ, ಸರ್ಕಾರದ ಹಡಗುಗಳು ನಮ್ಮ ಬಂದರುಗಳಿಗೆ ಬಂದು ಹೋದ ಮೇಲೆ ಅವುಗಳ ಪಟ್ಟಿ ಎಲ್ಲರಿಗೂ ಓದಲು ಸಿಗಬೇಕು. ಕಾಫಿ, ಗ್ಯಾಸ್, ಕಚ್ಚಾ ತೈಲ ಸಾಗಿಸುವ ವ್ಯಾಪಾರದ ಹಡಗುಗಳ ಮಾತಲ್ಲ ಇದು.

ಯುದ್ಧನೌಕೆ ಬರುವುದರಲ್ಲಿ ಗುಟ್ಟೇನಿಲ್ಲ. ರಾಯಭಾರ ಕಚೇರಿಯವರು ಮೊದಲೇ ಕೇಳುತ್ತಾರೆ, ದೆಹಲಿ ಒಪ್ಪಬೇಕು. ಸ್ನೇಹದ ಭೇಟಿಯಾದರೆ ಹಡಗಿನವರು 21 ಕುಶಾಲತೋಪು ಹಾರಿಸುವುದು, ದಡದವರೂ ಅಷ್ಟೇ ತೋಪು ಹಾರಿಸಿ ಉತ್ತರ ಕೊಡುವುದು ಹಳೇ ವಾಡಿಕೆ. ಪುತ್ತರಿಯಲ್ಲಿ ಕದಿರು ಕೊಯ್ದ ಕೂಡಲೇ ಗುಂಡು ಹಾರಿಸುವ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಂದರಿನ ಪೈಲಟ್ ಹಗ್ಗದ ಏಣಿ ಹಿಡಿದು ಹಡಗು ಹತ್ತುತ್ತಾರೆ. ಟಗ್ ಅನ್ನುವ ಗಟ್ಟಿ ಪುಟ್ಟ ದೋಣಿಗಳು ಪಕ್ಕದಿಂದ ಒತ್ತಿ ಒತ್ತಿ ಅದನ್ನು ಬರ್ತ್‌ಗೆ, ಅಂದರೆ ಹಡಗು ಕಟ್ಟುವ ಜಾಗಕ್ಕೆ, ತಂದು ನಿಲ್ಲಿಸುತ್ತವೆ. ಪೈಲಟ್ ದಾರಿ ಹೇಳುತ್ತಾರೆ ಅಷ್ಟೆ, ಹಡಗಿನ ಹೊಣೆ ಅದರ ಕಮಾಂಡರ್‌ದೇ. ಹಗ್ಗ ಬಿಗಿದು ನಮ್ಮ ದಡಕ್ಕೆ ಕಟ್ಟಿದ ಮೇಲೂ ಕಮಾಂಡರ್ ಒಪ್ಪದೆ ನಮ್ಮ ಪೊಲೀಸರಾಗಲಿ, ಕಸ್ಟಮ್ಸ್‌ನವರಾಗಲಿ ಒಳಗೆ ಕಾಲಿಡುವಂತಿಲ್ಲ. ಕೋರ್ಟು ಜಪ್ತಿ ಮಾಡುವಂತಿಲ್ಲ.

ಇದು ಸುಮ್ನೆ ಮರ್ಯಾದೆಯ ಮಾತಲ್ಲ, ಕಾನೂನು. 2012ರ ಅಕ್ಟೋಬರ್‌ನಲ್ಲಿ ಘಾನಾ ದೇಶದ ಟೆಮಾ ಬಂದರಿಗೆ ಅರ್ಜೆಂಟೀನಾ ನೌಕಾಪಡೆಯ ತರಬೇತಿ ಹಡಗು ‘ಲಿಬರ್ಟಾಡ್’ ಬಂದಿತ್ತು. ಅರ್ಜೆಂಟೀನಾ ಹಳೇ ಸಾಲ ತೀರಿಸಿಲ್ಲ ಅಂತ ಒಂದು ಹಣಕಾಸು ಕಂಪನಿ ಅಲ್ಲಿನ ಕೋರ್ಟಿಗೆ ಹೋಯಿತು. ಕೋರ್ಟು ಹಡಗನ್ನೇ ಹಿಡಿದಿಟ್ಟಿತು! ಕೊನೆಗೆ ಅಂತರರಾಷ್ಟ್ರೀಯ ಸಮುದ್ರ ಕಾನೂನು ನ್ಯಾಯಮಂಡಳಿ ಡಿಸೆಂಬರ್ 15ರಂದು ಬಿಡಿ ಅಂತ ಆದೇಶ ಕೊಟ್ಟಿತು. ನಮ್ಮ ನೌಕಾಪಡೆಯ ‘ತರಂಗಿಣಿ’ಯೂ ಅಂಥದ್ದೇ ಹಾಯಿಹಡಗು, 2003-04ರಲ್ಲಿ ಲೋಕ ಸುತ್ತಿ ಬಂದದ್ದು. ಅದನ್ನು ಯಾರೋ ಸಾಲ ಕೊಟ್ಟವರು ಹೀಗೆ ತಡೆದಿದ್ದರೆ ನಾವು ಸುಮ್ಮನಿರುತ್ತಿದ್ದೆವಾ? ಹಾಗಾಗಿ ಈ ರಕ್ಷಣೆಗೆ ನನ್ನ ತಕರಾರಿಲ್ಲ.

ತಕರಾರು ಇರುವುದು ಈ ರಕ್ಷಣೆ ಇನ್ನೂ ಯಾರಿಗೆಲ್ಲ ಸಿಗುತ್ತದೆ ಅನ್ನುವುದರಲ್ಲಿ. ವ್ಯಾಪಾರಕ್ಕಲ್ಲದೆ ಸರ್ಕಾರದ ಕೆಲಸಕ್ಕೆ ಓಡಾಡುವ ಹಡಗುಗಳಿಗೂ ಇದೇ ಮರ್ಯಾದೆ. ಅದರಲ್ಲಿ ಸಮುದ್ರ ಸಂಶೋಧನೆಯ ಹಡಗುಗಳೂ ಬರುತ್ತವೆ. 2022ರ ಆಗಸ್ಟ್ 16ರಂದು ಚೀನಾದ ‘ಯುವಾನ್ ವಾಂಗ್ 5’ ಶ್ರೀಲಂಕಾದ ಹಂಬನ್‌ತೋಟಕ್ಕೆ ಬಂದದ್ದು ನೆನಪಿದೆಯಲ್ಲ? ಚೀನಾ ಅದನ್ನು ಸಂಶೋಧನೆಯ ಹಡಗು ಅಂದಿತು. ಉಪಗ್ರಹ, ಕ್ಷಿಪಣಿಗಳ ಜಾಡು ಹಿಡಿಯಬಲ್ಲ ಹಡಗು ಅಂತ ನಮಗೆ ಆತಂಕ. ಕೊಲಂಬೊ ಮೊದಲು ಸ್ವಲ್ಪ ತಡೆಯಿರಿ ಅಂದಿತು, ಆಮೇಲೆ ಒಪ್ಪಿತು. ಮುಂದೆ ಶ್ರೀಲಂಕಾ ಇಂಥ ಭೇಟಿಗಳಿಗೆ ನಿಯಮ ಮಾಡಿತು. 2024ರ ಜನವರಿಯಿಂದ ಒಂದು ವರ್ಷ ವಿದೇಶಿ ಸಂಶೋಧನಾ ಹಡಗುಗಳನ್ನೇ ನಿಲ್ಲಿಸಿತು. ಆಗ ಚೀನಾದ ಇನ್ನೊಂದು ಸಂಶೋಧನಾ ಹಡಗು ‘ಷಿಯಾಂಗ್ ಯಾಂಗ್ ಹಾಂಗ್ 03’ ಮಾಲ್ಡೀವ್ಸ್‌ನ ರಾಜಧಾನಿ ಮಾಲೆಗೆ ಹೋಯಿತು. ಸಾಮಾನು ತುಂಬಿಸಿಕೊಳ್ಳಲು, ಸಿಬ್ಬಂದಿ ಬದಲಿಸಲು ಮಾತ್ರ ಬರುತ್ತಿದೆ ಅಂತ ಮಾಲ್ಡೀವ್ಸ್ ಹೇಳಿತು. ಪಕ್ಕದ ಬಂದರಿಗೆ ಯಾರು ಬಂದರು, ಯಾಕೆ ಬಂದರು ಅಂತ ಇಷ್ಟು ವಿಚಾರಿಸುವ ನಾವು, ನಮ್ಮ ಬಂದರಿಗೆ ಬಂದವರ ಲೆಕ್ಕವನ್ನು ಒಂದು ಕಡೆ ಬರೆದು ಜನರ ಮುಂದೆ ಇಡಬೇಕು ಅಲ್ವಾ?

ಈಗ ಇದು ಗೊತ್ತಾಗುವುದು ಪತ್ರಿಕಾ ಪ್ರಕಟಣೆಯಿಂದ, ಇಲ್ಲವೇ ಗಲಾಟೆಯಿಂದ. 2007ರ ಜುಲೈನಲ್ಲಿ ಅಣುಶಕ್ತಿಯಿಂದ ಓಡುವ ಅಮೆರಿಕದ ವಿಮಾನವಾಹಕ ನೌಕೆ ‘ನಿಮಿಟ್ಜ್’ ಚೆನ್ನೈ ಹತ್ತಿರ ಲಂಗರು ಹಾಕಿದಾಗ ಎಡಪಕ್ಷಗಳು ಬೀದಿಗಿಳಿದವು. ಅದಕ್ಕೇ ಊರಿಗೆಲ್ಲ ಸುದ್ದಿಯಾಯಿತು. ಸದ್ದಿಲ್ಲದೆ ಬಂದು ಹೋಗುವ ಸಣ್ಣ ಹಡಗಿನ ಬಗ್ಗೆ ಯಾರು ಬರೆಯುತ್ತಾರೆ?

ದುಡ್ಡಿನ ಮಾತೂ ಇದೆ. ಬಂದ ಹಡಗಿಗೆ ಟಗ್ ಬೇಕು, ಸಿಹಿನೀರು, ತರಕಾರಿ, ಡೀಸೆಲ್ ಬೇಕು. ಅದರ ಕಸ, ಕೊಳಚೆ ನೀರು ಇಳಿಸಿಕೊಳ್ಳಬೇಕು. ಇದನ್ನೆಲ್ಲ ನೋಡಿಕೊಳ್ಳಲು ಏಜೆಂಟರು ಇರುತ್ತಾರೆ. ಏಷ್ಯಾದ ಬಂದರುಗಳಲ್ಲಿ ಅಮೆರಿಕದ ಹಡಗುಗಳಿಗೆ ಇದೇ ಕೆಲಸ ಮಾಡುತ್ತಿದ್ದ ಲಿಯೊನಾರ್ಡ್ ಫ್ರಾನ್ಸಿಸ್ ಅನ್ನುವವನು ನೌಕಾಪಡೆಯ ಅಧಿಕಾರಿಗಳಿಗೆ ಹಣ, ಹೋಟೆಲು, ಔತಣ ಕೊಟ್ಟು ಕೋಟಿಗಟ್ಟಲೆ ಡಾಲರ್ ಸುಳ್ಳು ಬಿಲ್ಲು ಮಾಡಿದ್ದ. 2013ರಲ್ಲಿ ಸಿಕ್ಕಿಬಿದ್ದ. 2024ರ ನವೆಂಬರ್‌ನಲ್ಲಿ 15 ವರ್ಷ ಶಿಕ್ಷೆಯಾಯಿತು. ಯಾವ ಏಜೆಂಟ್, ಬಂದರಿಗೆ ಕಟ್ಟಿದ್ದೆಷ್ಟು ಎಂಬ ಎರಡು ಕಾಲಂ ಆ ಪಟ್ಟಿಯಲ್ಲಿ ಇರಲಿ.

ಭದ್ರತೆಯ ಪ್ರಶ್ನೆ ಅಂತ ಅಧಿಕಾರಿಗಳು ಹೇಳಬಹುದು. ಒಪ್ಪುತ್ತೇನೆ. 2000ದ ಅಕ್ಟೋಬರ್ 12ರಂದು ಯೆಮನ್ ದೇಶದ ಏಡನ್ ಬಂದರಿನಲ್ಲಿ ಇಂಧನ ತುಂಬಿಸಿಕೊಳ್ಳುತ್ತಿದ್ದ ಅಮೆರಿಕದ ‘ಕೋಲ್’ ನೌಕೆಗೆ ಸ್ಫೋಟಕ ತುಂಬಿದ ದೋಣಿಯನ್ನು ತಂದು ಗುದ್ದಿಸಿದರು, 17 ನಾವಿಕರು ಸತ್ತರು. ಬರುವ ದಿನ, ಗಂಟೆ ಮುಂಚಿತವಾಗಿ ಸಾರಿ ಅಂತ ನಾನೂ ಹೇಳುವುದಿಲ್ಲ. ಹಡಗು ಹೋದ ಮೂರು ತಿಂಗಳಿಗೆ ಪ್ರಕಟಿಸಿದರೂ ಸಾಕು.

ಇನ್ನೊಂದು ಕಾಲಂ ಮೀನುಗಾರರಿಗಾಗಿ ಬೇಕು. 2012ರ ಫೆಬ್ರವರಿ 15ರಂದು ಕೇರಳದ ಕಡಲಲ್ಲಿ ‘ಎನ್ರಿಕಾ ಲೆಕ್ಸಿ’ ಎಂಬ ಇಟಲಿಯ ತೈಲ ಹಡಗಿನಲ್ಲಿದ್ದ ಆ ದೇಶದ ನೌಕಾಪಡೆಯವರು ಇಬ್ಬರು ಮೀನುಗಾರರನ್ನು ಗುಂಡಿಟ್ಟು ಕೊಂದರು. ಅದು ಯುದ್ಧನೌಕೆಯಲ್ಲ. ಆದರೂ ಗುಂಡು ಹಾರಿಸಿದವರು ಸರ್ಕಾರದ ಕೆಲಸದಲ್ಲಿದ್ದವರು, ಅವರ ವಿಚಾರಣೆ ಇಲ್ಲಿ ಆಗುವಂತಿಲ್ಲ ಅಂತ 2020ರಲ್ಲಿ ಅಂತರರಾಷ್ಟ್ರೀಯ ತೀರ್ಪು ಬಂತು. 10 ಕೋಟಿ ರೂಪಾಯಿ ಪರಿಹಾರ ಬಂದು ಕೇಸು ಮುಗಿದದ್ದು 2021ರಲ್ಲಿ. ಹಡಗಿನಿಂದ ಬಲೆ ಹರಿದರೆ, ದೋಣಿ ಮುರಿದರೆ ಯಾವ ಕಚೇರಿಗೆ ಹೋಗಬೇಕು ಅನ್ನುವುದಾದರೂ ಮಲ್ಪೆಯವರಿಗೆ, ಕಾರವಾರದವರಿಗೆ ಮೊದಲೇ ಗೊತ್ತಿರಲಿ.

ನೀವು ಲೋಕಸಭೆಯಲ್ಲಿ ಒಂದು ಚುಕ್ಕೆ ಗುರುತಿಲ್ಲದ ಪ್ರಶ್ನೆ, ಅಂದರೆ ಬರವಣಿಗೆಯಲ್ಲಿ ಉತ್ತರ ಬರುವಂಥದ್ದು, ಕೇಳಿದರೆ ಸಾಕು. ಅದಕ್ಕೆ 15 ದಿನ ಮುಂಚೆ ನೋಟಿಸ್ ಕೊಡಬೇಕು, ಅದು ನಿಮಗೇ ಗೊತ್ತು. ಪ್ರಶ್ನೆ ಹೀಗಿರಲಿ: ಕಳೆದ ಐದು ವರ್ಷಗಳಲ್ಲಿ ನವ ಮಂಗಳೂರು ಮತ್ತು ಕಾರವಾರಕ್ಕೆ ಬಂದ ವಿದೇಶಿ ನೌಕಾಪಡೆ, ಕರಾವಳಿ ಕಾವಲು ಪಡೆ ಮತ್ತು ಸಂಶೋಧನಾ ಹಡಗುಗಳು ಯಾವುವು, ಯಾವ ದೇಶದವು, ಯಾವ ಉದ್ದೇಶಕ್ಕೆ ಬಂದವು, ಎಷ್ಟು ದಿನ ಇದ್ದವು?

ಹಾಗೇ ಒಂದು ಸಣ್ಣ ಬೇಡಿಕೆ. ಸ್ನೇಹದ ಭೇಟಿಗೆ ಬಂದ ಹಡಗನ್ನು ಮಕ್ಕಳಿಗೆ ತೋರಿಸುವ ದಿನ ಇದ್ದರೆ ಕೂಡಿಗೆಯ ಸೈನಿಕ ಶಾಲೆಯವರನ್ನು ಕರೆಯುತ್ತಾರೇನೋ. ನಾಪೋಕ್ಲು, ಶನಿವಾರಸಂತೆಯ ಸರ್ಕಾರಿ ಶಾಲೆ ಮಕ್ಕಳಿಗೂ ಒಂದು ಬಸ್ಸು ಮಾಡಿಸಿ.

ಉತ್ತರಕ್ಕೆ ಕಾಯುತ್ತಿರುವ,
ಸುಂಟಿಕೊಪ್ಪದ ಒಬ್ಬ ಕಾಫಿ ಬೆಳೆಗಾರ