ಡಿ2 ಬಿಟ್ಟು 14ಸಿ28ಎನ್: ನಮ್ಮ ಜೇಬುಚಾಕುವಿನ ಅಲಗು ಬದಲಾಗುತ್ತಿರುವ ಬಗ್ಗೆ

ಆತ್ಮೀಯ ಗ್ರಾಹಕರೇ,

ಮುಂದಿನ ತಯಾರಿಕೆಯ ಕಂತಿನಿಂದ ನಮ್ಮ ಮಡಚುವ ಜೇಬುಚಾಕುವಿಗೆ ಡಿ2 ಉಕ್ಕಿನ ಅಲಗು ಇರುವುದಿಲ್ಲ. ಅದರ ಜಾಗಕ್ಕೆ 14ಸಿ28ಎನ್ ಬರುತ್ತಿದೆ. ಹಿಡಿ, ಕೀಲು, ಲಾಕ್, ಅಲಗಿನ ಉದ್ದ ಎಲ್ಲ ಹಿಂದಿನಂತೆಯೇ. ಅಲಗಿನ ಬುಡದಲ್ಲಿ ಕೆತ್ತಿದ ಅಕ್ಷರ ಓದದಿದ್ದರೆ ಬದಲಾವಣೆ ಕಣ್ಣಿಗೆ ಬೀಳುವುದೂ ಕಷ್ಟ. ಆದರೆ ನಿಮ್ಮಲ್ಲಿ ಹಲವರು ಡಿ2 ಎಂಬ ಹೆಸರು ನೋಡಿಯೇ ನಮ್ಮ ಚಾಕು ಕೊಂಡವರು. ನಿಮಗೆ ಹೇಳದೆ ಉಕ್ಕು ಬದಲಿಸಲು ನಮಗೆ ಮನಸ್ಸಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಹರಿತ ಎಷ್ಟು ಕಾಲ ಉಳಿಯುತ್ತದೆ ಎಂಬ ಲೆಕ್ಕವೊಂದನ್ನೇ ಹಿಡಿದು, ಎರಡೂ ಅಲಗುಗಳನ್ನು ಒಂದೇ ಕೋನದಲ್ಲಿ ಸಾಣೆ ಹಿಡಿದು ಹೋಲಿಸಿದರೆ ಡಿ2 ಗೆಲ್ಲುತ್ತದೆ. ನಮ್ಮ ಕಾರ್ಖಾನೆಯಲ್ಲಿ ರಟ್ಟು ಕತ್ತರಿಸಿ ನೋಡಿದಾಗಲೂ ಅದೇ ಗೆದ್ದಿತು. ಹಾಗಿದ್ದೂ ಅದನ್ನು ಯಾಕೆ ಬಿಡುತ್ತಿದ್ದೇವೆ ಎಂದು ವಿವರಿಸಲು ಈ ಪತ್ರ.

ರಿಪೇರಿಗೆಂದು ಬಂದ ಚಾಕುಗಳಲ್ಲಿ ಮೂರು ತೊಂದರೆ ಮತ್ತೆ ಮತ್ತೆ ಕಾಣುತ್ತಿತ್ತು. ಕೀಲು ಬಿಚ್ಚಿದರೆ ಹಿಡಿಯೊಳಗೆ ಅಡಗಿರುವ ಭಾಗದಲ್ಲಿ ಕಂದು ಚುಕ್ಕೆಗಳು. ಅಲಗಿನ ಬಾಯಿಯ, ಅಂದರೆ ಹರಿತವಾದ ಅಂಚಿನ ಮೇಲೆ ಉಗುರು ಎಳೆದರೆ ತೊಡಕುವಷ್ಟು ಸಣ್ಣ ಮುಕ್ಕುಗಳು. ಇವೆರಡಕ್ಕಿಂತ ಹೆಚ್ಚಾಗಿ ಬರುತ್ತಿದ್ದುದು ಬರೀ ಮೊಂಡಾದ ಚಾಕುಗಳು, ಜೊತೆಗೆ 'ಮನೆಯ ಕಲ್ಲಿನ ಮೇಲೆ ಎಷ್ಟು ಉಜ್ಜಿದರೂ ಹರಿತ ಬರುತ್ತಿಲ್ಲ' ಎಂಬ ಚೀಟಿ. ಆ ಚೀಟಿ ಬರೆದವರ ಕೈಯಲ್ಲಿ ದೋಷವಿರಲಿಲ್ಲ. ಮೂರೂ ತೊಂದರೆಯ ಬೇರು ಆ ಉಕ್ಕಿನಲ್ಲೇ ಇದೆ.

ಡಿ2 ಮೂಲತಃ ಚಾಕುವಿನ ಉಕ್ಕಲ್ಲ. ಲೋಹದ ತಗಡನ್ನು ಕತ್ತರಿಸುವ, ಅಚ್ಚೊತ್ತುವ ಡೈಗಳಿಗೆಂದು ಬೆಳೆದ ಉಕ್ಕು. ಅದರಲ್ಲಿ ಸುಮಾರು 1.5% ಇಂಗಾಲ, 12% ಕ್ರೋಮಿಯಂ ಇದೆ. 12 ಎಂದು ಓದಿದವರಿಗೆ ಇದು ಹೆಚ್ಚುಕಡಿಮೆ ಸ್ಟೇನ್‌ಲೆಸ್ ಎನ್ನಿಸುವುದು ಸಹಜ. ಆದರೆ ಅಷ್ಟೊಂದು ಇಂಗಾಲ ಸುಮ್ಮನೆ ಕೂರುವುದಿಲ್ಲ. ಕ್ರೋಮಿಯಂನ ದೊಡ್ಡ ಪಾಲನ್ನು ತನ್ನತ್ತ ಎಳೆದುಕೊಂಡು ಗಟ್ಟಿ ಕಾರ್ಬೈಡ್ ಕಣಗಳಾಗಿ ಕಟ್ಟಿಕೊಳ್ಳುತ್ತದೆ. ತುಕ್ಕನ್ನು ತಡೆಯುವುದು ಕಬ್ಬಿಣದಲ್ಲಿ ಕರಗಿ ಉಳಿದ ಕ್ರೋಮಿಯಂ ಮಾತ್ರ. ಕಣಗಳೊಳಗೆ ಸಿಕ್ಕಿಬಿದ್ದದ್ದು ಆ ಕೆಲಸಕ್ಕೆ ಒದಗುವುದಿಲ್ಲ. ಹಾಗಾಗಿಯೇ ಡಿ2 ಬಲ್ಲವರು ಅದನ್ನು ಅರೆ ಸ್ಟೇನ್‌ಲೆಸ್ ಎನ್ನುತ್ತಾರೆ. ಜೇಬಿನ ಬೆವರು, ಹುಳಿ ಹಣ್ಣಿನ ರಸ ಕೀಲಿನೊಳಗೆ ಇಳಿದರೆ ಅಲ್ಲಿ ಬಟ್ಟೆ ಹೋಗುವುದಿಲ್ಲ, ಕಣ್ಣೂ ಹೋಗುವುದಿಲ್ಲ.

ಮುಕ್ಕಿನ ಕಥೆಯೂ ಇದೇ ಕಣಗಳದ್ದು. ಕರಗಿಸಿ ಎರಕ ಹೊಯ್ದ ಡಿ2ನಲ್ಲಿ ಈ ಕಾರ್ಬೈಡುಗಳು ಹತ್ತಾರು ಮೈಕ್ರಾನ್‌ವರೆಗೆ ಬೆಳೆಯುತ್ತವೆ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಚೆನ್ನಾಗಿ ಹರಿತವಾದ ಬಾಯಿಯ ತುದಿಯಾದರೋ ಒಂದು ಮೈಕ್ರಾನ್‌ನ ಆಸುಪಾಸು. ತೆಳುವಾದ ಮಣ್ಣಿನ ಗೋಡೆಯಲ್ಲಿ ದಪ್ಪ ದಪ್ಪ ಜಲ್ಲಿಕಲ್ಲು ಸೇರಿಸಿದಂತೆ. ರಟ್ಟು, ಹಗ್ಗ ಉಜ್ಜಿದಾಗ ಆ ಕಲ್ಲುಗಳು ಸವೆತವನ್ನು ತಡೆಯುತ್ತವೆ, ಡಿ2ಗೆ ಹೆಸರು ಬಂದದ್ದೇ ಅದರಿಂದ, ಮನೆಯ ಸಾಣೆಕಲ್ಲಿಗೆ ಅದು ಸುಲಭವಾಗಿ ಒಲಿಯದಿರುವುದೂ ಅದರಿಂದಲೇ. ಪಕ್ಕಕ್ಕೆ ಒತ್ತಡ ಬಿದ್ದಾಗ ಮಾತ್ರ ಕಲ್ಲೇ ಕಿತ್ತುಬರುತ್ತದೆ. ಪಿನ್ನು ಎಬ್ಬಿಸಿದಾಗ, ಗಂಟಿನೊಳಗೆ ಅಲಗು ತಿರುಚಿದಾಗ ಆಗುವುದು ಅದೇ.

14ಸಿ28ಎನ್ ಸ್ವೀಡನ್ನಿನ ಸ್ಯಾಂಡ್‌ವಿಕ್ ಕಂಪನಿ ಚಾಕುವಿಗೆಂದೇ ರೂಪಿಸಿದ ಉಕ್ಕು. ಕಂಪನಿಯ ಆ ಉಕ್ಕಿನ ವಿಭಾಗ 2022ರಲ್ಲಿ ಬೇರೆಯಾಗಿ ಈಗ ಅಲೀಮಾ ಎಂಬ ಹೆಸರಿನಲ್ಲಿದೆ. ಇಂಗಾಲ 0.62%, ಕ್ರೋಮಿಯಂ 14%, ಜೊತೆಗೆ 0.11% ಸಾರಜನಕ. ಆ ಕೊನೆಯ ಸಣ್ಣ ಅಂಕಿ ನಮ್ಮ ಮನಸ್ಸು ಗೆದ್ದದ್ದು. ಉಕ್ಕನ್ನು ಗಡಸು ಮಾಡುವ ಇಂಗಾಲದ ಕೆಲಸದಲ್ಲಿ ಒಂದು ಪಾಲನ್ನು ಸಾರಜನಕ ವಹಿಸಿಕೊಳ್ಳುತ್ತದೆ. ಇಂಗಾಲ ಕಡಿಮೆ ಸಾಕಾಗುವುದರಿಂದ ಕ್ರೋಮಿಯಂ ಕಾರ್ಬೈಡಿಗೆ ಹೋಗದೆ ಕಬ್ಬಿಣದಲ್ಲೇ ಉಳಿಯುತ್ತದೆ. ಗಡಸುತನವೂ ಬಂತು, ತುಕ್ಕಿಗೆ ತಡೆಯೂ ಉಳಿಯಿತು. ಉಳಿದಿರುವ ಕಾರ್ಬೈಡುಗಳು ಬಹಳ ಸಣ್ಣವು, ಜಲ್ಲಿಯಲ್ಲ, ನಯವಾದ ಮರಳು. ಬಾಯಿಯನ್ನು ಎಷ್ಟು ತೆಳುವಾಗಿ ತೀಡಿದರೂ ಹಿಡಿದು ನಿಲ್ಲುತ್ತದೆ.

ಉಕ್ಕು ಒಳ್ಳೆಯದಾದರೆ ಸಾಲದು, ಹದ ಸರಿ ಬೀಳಬೇಕು. ಅಲಗನ್ನು 1060ರಿಂದ 1080 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ತಟ್ಟನೆ ತಣಿಸಿ, ಸೊನ್ನೆಗಿಂತ ಬಹಳ ಕೆಳಗಿನ ಚಳಿಯಲ್ಲಿಟ್ಟು, ಆಮೇಲೆ 180 ಡಿಗ್ರಿಯ ಸುತ್ತಮುತ್ತ ಹದ ಮಾಡುತ್ತೇವೆ. ಆ ಚಳಿಯ ಹಂತ ಬಿಟ್ಟರೆ ಉಕ್ಕಿನ ಒಂದು ಪಾಲು ಮೆತ್ತಗೇ ಉಳಿದುಬಿಡುತ್ತದೆ. ಸಮಯ ಉಳಿಸಲು ಅದನ್ನು ಬಿಡುವವರಿದ್ದಾರೆ, ನಾವು ಬಿಡುವುದಿಲ್ಲ. ನಮ್ಮ ಗುರಿ ರಾಕ್‌ವೆಲ್ ಮಾಪನದಲ್ಲಿ 60. ವಜ್ರದ ಶಂಕುವನ್ನು 150 ಕಿಲೋ ಭಾರದಲ್ಲಿ ಒತ್ತಿ, ಅದು ಎಷ್ಟು ಆಳಕ್ಕೆ ಇಳಿಯಿತು ಎಂದು ನೋಡುವ ಪರೀಕ್ಷೆ ಅದು. ಡಿ2 ಅಲಗುಗಳೂ ಇದೇ ಅಂಕಿಯಲ್ಲಿದ್ದವು. ಒಂದೇ ಅಂಕಿ ಇರುವ ಎರಡು ಉಕ್ಕು ಇಷ್ಟು ಬೇರೆ ಬೇರೆಯಾಗಿ ನಡೆದುಕೊಳ್ಳುತ್ತವೆ ಎಂದಮೇಲೆ, ಬರೀ ಗಡಸುತನದ ಅಂಕಿ ನೋಡಿ ಚಾಕು ಕೊಳ್ಳಬೇಡಿ ಎಂದು ಬೇಡಿಕೊಳ್ಳುತ್ತೇವೆ.

ಹರಿತದಲ್ಲಿ ಕಳೆದುಕೊಂಡದ್ದನ್ನು ನಾವು ಆಕಾರದಲ್ಲಿ ಮರಳಿ ಪಡೆಯಲು ನೋಡಿದ್ದೇವೆ. ಡಿ2 ಮುಕ್ಕಾಗಬಾರದೆಂದು ಅದರ ಬಾಯಿಯನ್ನು ಒಂದೊಂದು ಬದಿಗೆ 20 ಡಿಗ್ರಿ ಕೋನದಲ್ಲಿ, ತುಸು ದಪ್ಪವಾಗಿಯೇ ಇಟ್ಟಿದ್ದೆವು. ಹೊಸ ಅಲಗಿಗೆ 16 ಡಿಗ್ರಿ ಸಾಕು, ಬಾಯಿಯ ಹಿಂದಿನ ದಪ್ಪವನ್ನೂ ಇಳಿಸಿದ್ದೇವೆ. ಚಾಕುವಿನ ಹರಿತ ಅಳೆಯುವ ಅಂತರರಾಷ್ಟ್ರೀಯ ಪರೀಕ್ಷೆಯೊಂದಿದೆ. ಮರಳಿನ ಸಿಲಿಕಾ ಬೆರೆಸಿದ ದಪ್ಪ ಕಾಗದವನ್ನು ಅಲಗಿಗೆ ಒತ್ತಿ, ಅದು ಒಟ್ಟು ಎಷ್ಟು ಕಾಗದ ಕತ್ತರಿಸುತ್ತದೆ ಎಂದು ಯಂತ್ರ ಲೆಕ್ಕ ಹಾಕುತ್ತದೆ. ಆ ಪರೀಕ್ಷೆಯಲ್ಲೂ ಕೋನ ತೆಳುವಾದಷ್ಟೂ ಕತ್ತರಿಸಿದ ಕಾಗದ ಹೆಚ್ಚುತ್ತದೆ. ಬಾಯಿ ಅರ್ಧ ಮೊಂಡಾದ ಮೇಲೂ ತೆಳು ಅಲಗು ಸಲೀಸಾಗಿ ಇಳಿಯುತ್ತದೆ, ದಪ್ಪ ಅಲಗು ಹೊಸದರಲ್ಲೇ ತಡವರಿಸುತ್ತದೆ. ನಮ್ಮ ರಟ್ಟಿನ ಪರೀಕ್ಷೆಯಲ್ಲಿ ಹೊಸ ಕೋನದ ಹೊಸ ಅಲಗು ಹಳೆಯ ಚಾಕುವಿನ ಹತ್ತಿರ ಹತ್ತಿರ ಬಂದಿತು, ಮೊದಲ ಕಡಿತಗಳಲ್ಲಿ ಕೈಗೆ ಬಹಳ ಹಗುರ ಎನ್ನಿಸಿತು.

ಬೇರೆ ಉಕ್ಕುಗಳನ್ನು ನೋಡಲಿಲ್ಲವೇ ಎಂದು ಕೇಳುವಿರಿ. ನೋಡಿದೆವು. 1095 ಹಳೆಯ ಕಾಲದ ಸಾದಾ ಕಾರ್ಬನ್ ಉಕ್ಕು, ಸಾಣೆಗೆ ಅದರಷ್ಟು ಒಲಿಯುವ ಉಕ್ಕು ಕಡಿಮೆ. ಆದರೆ ಕ್ರೋಮಿಯಂ ಇಲ್ಲವೇ ಇಲ್ಲ ಎನ್ನಬೇಕು, ಮಡಚುವ ಚಾಕುವಿನ ಒಳಭಾಗಕ್ಕೆ ಅದನ್ನು ಹಾಕಲು ಮನಸ್ಸಾಗಲಿಲ್ಲ. 420ಎಚ್‌ಸಿ ತುಕ್ಕಿಗೆ ಹೆದರುವುದಿಲ್ಲ, ಹದ ಚೆನ್ನಾಗಿ ಬಿದ್ದರೆ ನಂಬಬಹುದು, ಹರಿತ ಮಾತ್ರ ಬೇಗ ಇಳಿಯುತ್ತದೆ.

ಮನಸ್ಸು ನಿಜವಾಗಿ ತೂಗಾಡಿದ್ದು ಪುಡಿಲೋಹದ ಉಕ್ಕುಗಳ ಮುಂದೆ. ಕರಗಿದ ಉಕ್ಕನ್ನು ಸಿಂಪಡಿಸಿ ಪುಡಿಮಾಡಿ, ಒತ್ತಡ ಮತ್ತು ಶಾಖದಲ್ಲಿ ಮತ್ತೆ ಗಟ್ಟಿಯಾಗಿಸುವುದರಿಂದ ಅವುಗಳಲ್ಲಿ ಕಾರ್ಬೈಡು ಹೆಚ್ಚಿದ್ದರೂ ಸಣ್ಣದಾಗಿ, ಸಮವಾಗಿ ಹರಡಿರುತ್ತದೆ. ಎಸ್30ವಿ, ಎಸ್35ವಿಎನ್ ಈ ಜಾತಿಯವು. ಲ್ಯಾರಿನ್ ಥಾಮಸ್ ಎಂಬ ಲೋಹಶಾಸ್ತ್ರಜ್ಞರು ರೂಪಿಸಿ 2021ರಲ್ಲಿ ಹೊರಬಂದ ಮ್ಯಾಗ್ನಾಕಟ್ ಇವುಗಳಲ್ಲಿ ನಮಗೆ ಅತಿ ಇಷ್ಟವಾದದ್ದು. ಕ್ರೋಮಿಯಂ 10.7% ಮಾತ್ರ, ಆದರೂ 14% ಇರುವ ಎಷ್ಟೋ ಉಕ್ಕುಗಳಿಗಿಂತ ಚೆನ್ನಾಗಿ ತುಕ್ಕು ತಡೆಯುತ್ತದೆ. ಕ್ರೋಮಿಯಂ ಕಾರ್ಬೈಡಿಗೆ ಹೋಗದಂತೆ ವೆನೇಡಿಯಂ ಮತ್ತು ನಯೋಬಿಯಂ ನೋಡಿಕೊಳ್ಳುತ್ತವೆ. ನಿಮಗೆ ಅದರ ಚಾಕು ಸಿಕ್ಕಿದರೆ ಖಂಡಿತ ಬಳಸಿ ನೋಡಿ. ನಮ್ಮನ್ನು ತಡೆದದ್ದು ವೆನೇಡಿಯಂ ಕಾರ್ಬೈಡಿನ ಗಡಸುತನ. ಬಹಳ ಮನೆಗಳಲ್ಲಿರುವ ಸಾಣೆಕಲ್ಲು ಅಲ್ಯುಮಿನಿಯಂ ಆಕ್ಸೈಡಿನದು, ವೆನೇಡಿಯಂ ಕಾರ್ಬೈಡ್ ಅದಕ್ಕಿಂತ ಗಡಸು. ಕಲ್ಲು ಸುತ್ತಲಿನ ಕಬ್ಬಿಣವನ್ನು ತಿನ್ನುತ್ತದೆ, ಕಣವನ್ನು ಸರಿಯಾಗಿ ತೀಡಲಾರದು. ವಜ್ರದ ಕಲ್ಲು ಇರುವವರಿಗೆ ಚಿಂತೆಯಿಲ್ಲ. ಆದರೆ 'ಹರಿತ ಬರುತ್ತಿಲ್ಲ' ಎಂದು ಚೀಟಿ ಬರೆದವರನ್ನು ನಾವು ಮರೆಯುವಂತಿರಲಿಲ್ಲ.

ಹೊಸ ಅಲಗಿಗೆ 400ರ ಕಲ್ಲು, ಆಮೇಲೆ 1000ದ ಕಲ್ಲು ಸಾಕು (ಅಂಕಿ ಹೆಚ್ಚಿದಷ್ಟೂ ಸಾಣೆಕಲ್ಲು ನಯ). ಒಂದು ಬದಿ ಉಜ್ಜಿ, ಇನ್ನೊಂದು ಬದಿಗೆ ಸಣ್ಣ ಗರಿ ಎದ್ದದ್ದು ಬೆರಳಿಗೆ ತಿಳಿದ ಮೇಲೆ ಮಗ್ಗುಲು ಬದಲಿಸಿ. ಕೊನೆಗೆ ಚರ್ಮದ ಪಟ್ಟಿಯ ಮೇಲೆ ಹಿಮ್ಮುಖವಾಗಿ ನಾಲ್ಕಾರು ಸಲ ಎಳೆದು ಆ ಗರಿ ತೆಗೆಯಿರಿ. ಒಣ ಗ್ರೈಂಡರ್ ಚಕ್ರಕ್ಕೆ ಮಾತ್ರ ದಯವಿಟ್ಟು ಕೊಡಬೇಡಿ. 180 ಡಿಗ್ರಿಯಲ್ಲಿ ಹದ ಮಾಡಿದ ಬಾಯಿ ಚಕ್ರದ ಶಾಖಕ್ಕೆ ಕ್ಷಣದಲ್ಲಿ ಮೆತ್ತಗಾಗುತ್ತದೆ. ಬಣ್ಣ ತಿರುಗಿ ಕಣ್ಣಿಗೆ ಕಾಣುವ ಮೊದಲೇ ಹದ ಕೆಟ್ಟಿರುತ್ತದೆ. ಇನ್ನು ಸ್ಟೇನ್‌ಲೆಸ್ ಎಂದರೆ ತುಕ್ಕು ಹಿಡಿಯುವುದೇ ಇಲ್ಲ ಎಂದಲ್ಲ. ಉಪ್ಪುನೀರು ತಾಗಿದರೆ ಸಿಹಿನೀರಿನಲ್ಲಿ ತೊಳೆದು ಒರೆಸಿ. ತೆಳುವಾದ ಬಾಯಿಯಾದ್ದರಿಂದ ಡಬ್ಬದ ಮುಚ್ಚಳ ಮೀಟಲು, ತಿರುಪು ತಿರುಗಿಸಲು ಬಳಸಬೇಡಿ.

ಈಗಾಗಲೇ ಡಿ2 ಚಾಕು ಇರುವವರು ಅದನ್ನು ಕೀಳೆಂದು ಭಾವಿಸಬೇಡಿ. ದಿನವಿಡೀ ರಟ್ಟಿನ ಪೆಟ್ಟಿಗೆ ಬಿಚ್ಚುವ ಕೆಲಸದವರಿಗೆ ನಾವು ಈಗಲೂ ಅದನ್ನೇ ಹೇಳುತ್ತೇವೆ. ಬಳಸಿದ ಮೇಲೆ ಒರೆಸಿ, ಕೀಲಿಗೆ ಆಗಾಗ ಒಂದು ಹನಿ ಎಣ್ಣೆ ಬಿಡಿ, ಸಾಣೆಗೆ ವಜ್ರದ ಕಲ್ಲು ಇಟ್ಟುಕೊಳ್ಳಿ. ಮುಕ್ಕಾದ ಬಾಯಿಯನ್ನು ತೀಡಿಕೊಡುವ ನಮ್ಮ ಸೇವೆ ಹಿಂದಿನಂತೆಯೇ ನಡೆಯುತ್ತದೆ. ಡಿ2 ಅಲಗುಗಳು ಸ್ವಲ್ಪ ಉಳಿದಿವೆ, ಅವನ್ನು ಬೇಕೆಂದು ಕೇಳಿದವರಿಗಾಗಿ ತೆಗೆದಿರಿಸಿದ್ದೇವೆ. ಹೊಸ ಅಲಗಿನ ಕೀಲುತೂತನ್ನು ಹಳೆಯ ಅಳತೆಗೇ ಕೊರೆದಿದ್ದೇವೆ. ಹಿಡಿ ಕೈಗೆ ಒಗ್ಗಿದೆ, ಅಲಗು ಮಾತ್ರ ಬದಲಾಗಲಿ ಎನ್ನುವವರು ಚಾಕುವನ್ನು ಕಳಿಸಿದರೆ, ಕೀಲು ಬಿಚ್ಚಿ ಒಳಗೆಲ್ಲ ಶುಚಿಮಾಡಿ, ಹೊಸ ಅಲಗು ಕೂರಿಸಿ ಹಿಂದಿರುಗಿಸುತ್ತೇವೆ. ಬಿಚ್ಚಿದ ಹಳೆಯ ಅಲಗನ್ನೂ ಕಾಗದದಲ್ಲಿ ಸುತ್ತಿ ಜೊತೆಗೇ ಇಡುತ್ತೇವೆ, ಅದು ನಿಮ್ಮದು.

ಇಂತಿ ನಿಮ್ಮ ವಿಶ್ವಾಸಿಗಳು,
ಸಾಣೆ, ಹದ ಮತ್ತು ಜೋಡಣೆ ವಿಭಾಗದ ಎಲ್ಲರ ಪರವಾಗಿ